ಮೂರು ದಿನ ನಿಂತರೆ ಸಾಯುವ ಕಾರು

ಡಿಸೆಂಬರಿನ ಒಂದು ಬೆಳಗಿನ ಜಾವ, ಐದೂವರೆ ಗಂಟೆ. ಅಮ್ಮನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕಿತ್ತು. ಶಿವಮೊಗ್ಗ ಬಿಟ್ಟು, ತೀರ್ಥಹಳ್ಳಿಯಲ್ಲಿ ತಿಂಡಿ ಮುಗಿಸಿ, ಆಗುಂಬೆ ಘಾಟಿ ಇಳಿದು ಹತ್ತರೊಳಗೆ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವ ಲೆಕ್ಕ. ಅಮ್ಮ ಶಾಲು ಹೊದ್ದು ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಕೀ ತಿರುಗಿಸಿದೆ. ಟಕ್ ಟಕ್ ಟಕ್. ಮೀಟರಿನ ದೀಪಗಳೆಲ್ಲ ಒಮ್ಮೆ ಮಂಕಾಗಿ ಆರಿಹೋದವು. ಸೆಲ್ಫ್ ಹೊಡೆಯಲೇ ಇಲ್ಲ.

ಆರು ತಿಂಗಳಲ್ಲಿ ಇದು ನಾಲ್ಕನೇ ಸಲ. "ಬಸ್ಸಿಗೇ ಹೋಗಿದ್ರೆ ಇಷ್ಟೊತ್ತಿಗೆ ಗಾಜನೂರು ದಾಟ್ತಿದ್ವಿ ಕಣೋ" ಅಂದರು ಅಮ್ಮ. ಎದುರುಮನೆ ಮೇಷ್ಟ್ರನ್ನು ಎಬ್ಬಿಸಿ, ಅವರ ಕಾರಿನಿಂದ ಜಂಪರ್ ಕೇಬಲ್ ಹಾಕಿ ಹೊರಟೆವು. ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗದಿದ್ದರೆ ಅನ್ನುವ ಭಯಕ್ಕೆ ತೀರ್ಥಹಳ್ಳಿಯಲ್ಲಿ ತಿಂಡಿಗೂ ಇಳಿಯಲಿಲ್ಲ.

ಕಾರು ಕೊಂಡಿದ್ದು 2020ರ ಸೆಪ್ಟೆಂಬರಿನಲ್ಲಿ. ಸಣ್ಣ ಪೆಟ್ರೋಲ್ ಗಾಡಿ, 35 ಆಂಪಿಯರ್-ಅವರ್ ಬ್ಯಾಟರಿ, ಅಂದರೆ ಒಂದು ಆಂಪಿಯರಿನಂತೆ ಹೆಚ್ಚುಕಡಿಮೆ 35 ಗಂಟೆ ಕರೆಂಟು ಕೊಡುವಂಥದ್ದು. ಆಗ ನನ್ನ ಕೆಲಸ ಭದ್ರಾವತಿಯಲ್ಲಿ, ದಿನಾ ಹೋಗಿ ಬಂದರೆ ನಲವತ್ತು ಕಿಲೋಮೀಟರ್. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಒಂದು ದಿನವೂ ತಕರಾರಿಲ್ಲ. 2023ರ ಜೂನ್‌ನಲ್ಲಿ ಶಿವಮೊಗ್ಗಕ್ಕೇ ವರ್ಗವಾಯಿತು. ಕಚೇರಿಗೆ ಸ್ಕೂಟರ್, ಕಾರು ದಿನಾ ತೆಗೆಯುವುದು ನಿಂತಿತು. ಜುಲೈನಲ್ಲಿ ಮೊದಲ ಸಲ ಕೈಕೊಟ್ಟಿತು.

ಶೋರೂಮಿನ ವರ್ಕ್‌ಶಾಪಿನವರು ನೋಡಿ, "ಬ್ಯಾಟರಿ ಹೋಗಿದೆ ಸರ್, ಮೂರು ವರ್ಷ ಆಗ್ತಾ ಬಂತಲ್ಲ" ಅಂದರು. ಒಪ್ಪುವಂಥ ಮಾತೇ. 5,200 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಕಥೆ. ಟರ್ಮಿನಲ್ ಉಜ್ಜಿ, ಚಾರ್ಜ್ ಮಾಡಿ ಕೊಟ್ಟರು. ಜಾಬ್ ಕಾರ್ಡಿನಲ್ಲಿ "ಸ್ಟಾರ್ಟಿಂಗ್ ಪ್ರಾಬ್ಲಂ, ಚೆಕ್ಡ್ ಓಕೆ" ಅಂತ ಒಂದೇ ಸಾಲು. ನವೆಂಬರಿನಲ್ಲಿ ಮೂರನೇ ಭೇಟಿ. ಈ ಸಲ, ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಬದಲಿಸಬೇಕು ಅಂತ 13,800ರ ಎಸ್ಟಿಮೇಟ್. ಯೋಚನೆ ಮಾಡಿ ಹೇಳ್ತೀನಿ ಅಂತ ಎದ್ದು ಬಂದೆ. ಆಲ್ಟರ್ನೇಟರ್ ಪರೀಕ್ಷಿಸಿದ ಲೇಬರ್ ಚಾರ್ಜು ಅಂತ 650 ಅಲ್ಲೇ ಕಟ್ಟಿಸಿಕೊಂಡರು.

ಮಣಿಪಾಲದಿಂದ ವಾಪಸ್ ಬಂದ ರಾತ್ರಿ ಮೂರೂ ಜಾಬ್ ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೇ ನನಗೆ ಹೊಳೆದದ್ದು. ಪ್ರತಿ ಸಲವೂ ಗಾಡಿ ಬೆಳಿಗ್ಗೆ ಒಳಗೆ ಹೋಗಿ ಸಂಜೆಯೊಳಗೆ ಹೊರಗೆ ಬಂದಿದೆ. ಒಮ್ಮೆ ಮಾತ್ರ ಒಂದು ರಾತ್ರಿ ಇಟ್ಟುಕೊಂಡಿದ್ದರು, ಬೆಳಿಗ್ಗೆ ಸರಾಗವಾಗಿ ಸ್ಟಾರ್ಟ್ ಆಗಿತ್ತು. ಆದರೆ ನಮ್ಮ ಮನೆಯಲ್ಲಿ ಅದು ಸತ್ತಿದ್ದು ಯಾವಾಗಲೂ ಮೂರ್ನಾಲ್ಕು ದಿನ ನಿಂತ ಮೇಲೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ಆ ಕಾಯಿಲೆ ಕಾಣಿಸಿಕೊಳ್ಳಲು ಬೇಕಾದಷ್ಟು ದಿನ ಗಾಡಿ ಅಲ್ಲಿ ನಿಲ್ಲುತ್ತಲೇ ಇರಲಿಲ್ಲ. ಸಂಜೆಯೊಳಗೆ ಡೆಲಿವರಿ ಕೊಟ್ಟು ಕಳಿಸುವ ಜಾಗದಲ್ಲಿ ನಾಲ್ಕು ದಿನದ ಕಾಯಿಲೆಯನ್ನು ಯಾರು ಕಾಯುತ್ತಾರೆ?

ಹಾಗಾಗಿ ಕಾಯುವ ಕೆಲಸ ನಾನೇ ಮಾಡಿದೆ. ಗಾಂಧಿ ಬಜಾರಿನಲ್ಲಿ 700 ರೂಪಾಯಿಗೆ ಒಂದು ಡಿಜಿಟಲ್ ಮಲ್ಟಿಮೀಟರ್ ತಂದೆ. ಎಂಜಿನ್ ಓಡುವಾಗ ಬ್ಯಾಟರಿಗೆ ಹಿಡಿದರೆ 14.2 ವೋಲ್ಟ್ ತೋರಿಸಿತು. ಹದಿಮೂರೂವರೆಯಿಂದ ಹದಿನಾಲ್ಕೂವರೆಯ ಮಧ್ಯೆ ಇದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆ ಅಂತಲೇ ಅರ್ಥ. 13,800 ಉಳಿಯಿತು.

ಆಮೇಲೆ ಪರಿಚಯದ ಬ್ಯಾಟರಿ ಅಂಗಡಿಯಿಂದ ಚಾರ್ಜರ್ ತಂದು ರಾತ್ರಿಯಿಡೀ ಚಾರ್ಜ್ ಮಾಡಿ, ಕಾರನ್ನು ಮುಟ್ಟದೆ ನಿಲ್ಲಿಸಿದೆ. ದಿನಾ ಸಂಜೆ ಏಳಕ್ಕೆ ವೋಲ್ಟೇಜ್ ಅಳೆದು ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಬರೆದೆ. ಮೊದಲ ದಿನ 12.6, ಅಂದರೆ ತುಂಬಿದ ಬ್ಯಾಟರಿ. ಮರುದಿನ 12.4. ಆಮೇಲೆ 12.15, ಅರ್ಧಕ್ಕಿಂತ ಕೆಳಗೆ. ನಾಲ್ಕನೇ ಸಂಜೆ 11.8, ಹೆಚ್ಚುಕಡಿಮೆ ಖಾಲಿ. ಬ್ಯಾಟರಿಯನ್ನು ಬಿಚ್ಚಿ ಬೇರೆ ಇಟ್ಟಾಗ ನಾಲ್ಕು ದಿನ ಕಳೆದರೂ 12.5ಕ್ಕಿಂತ ಇಳಿಯಲಿಲ್ಲ. ಬ್ಯಾಟರಿಯ ತಪ್ಪಲ್ಲ, ನಿಂತ ಕಾರಿನೊಳಗೆ ಏನೋ ಕರೆಂಟು ಕುಡಿಯುತ್ತಿದೆ.

ಎಷ್ಟು ಕುಡಿಯುತ್ತಿದೆ ಅಂತ ಅಳೆಯುವಾಗ ಎರಡು ಸಲ ಎಡವಿದೆ, ಅದನ್ನು ಹೇಳಬೇಕು. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಆ ಕೇಬಲ್ಲಿಗೂ ಬ್ಯಾಟರಿಯ ಕಂಬಕ್ಕೂ ನಡುವೆ ಮೀಟರನ್ನು ಸೇತುವೆಯಂತೆ ಹಾಕಬೇಕು. ಮೀಟರಿನ ಕೆಂಪು ವಯರು 10 ಆಂಪಿಯರಿನ ತೂತಿನಲ್ಲಿರಬೇಕು. ಪಾಸಿಟಿವ್ ಕಡೆ ಬಿಚ್ಚಬಾರದು, ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಗುಲಿದರೆ ಕಿಡಿ ಹಾರುತ್ತದೆ. ಇಷ್ಟು ಗೊತ್ತಿತ್ತು. ಆದರೆ ಮೀಟರ್ ಸಿಕ್ಕಿಸಿದ್ದಾಗ ಮಗಳು ಬಂದು ಕಾರಿನೊಳಗೆ ಕೂತು, "ಅಪ್ಪಾ, ಸ್ಟಾರ್ಟ್ ಮಾಡ್ಲಾ?" ಅಂತ ಕೀ ತಿರುಗಿಸಿದಳು. ಮೀಟರಿನೊಳಗಿನ ಫ್ಯೂಸ್ ಢಮಾರ್. ಮಗಳನ್ನು ಬೈಯುವ ಹಾಗಿಲ್ಲ, ಕೀಯನ್ನು ಕಾರಿನಲ್ಲೇ ಬಿಟ್ಟವನು ನಾನು.

ಎರಡನೇ ಎಡವಟ್ಟು, ಅವಸರ. ಮೀಟರ್ ಹಾಕಿದ ಕೂಡಲೇ 3 ಆಂಪಿಯರಿಗಿಂತ ಹೆಚ್ಚು ತೋರಿಸಿತು. ಕಳ್ಳ ಸಿಕ್ಕಿದ ಅಂತ ಕುಣಿದೆ. ಅದು ಕಳ್ಳನಲ್ಲ, ಕಾರಿನ ಕಂಪ್ಯೂಟರುಗಳು ಎಚ್ಚರವಾಗಿದ್ದವು ಅಷ್ಟೆ. ಅವು ಒಂದೊಂದಾಗಿ ಮಲಗಲು ಅರ್ಧ ಗಂಟೆಯವರೆಗೂ ಬೇಕಾಗಬಹುದು. ಫ್ಯೂಸ್ ಬಾಕ್ಸ್ ತಲುಪಲು ಬಾಗಿಲು ತೆರೆದಿಡಬೇಕಾದ್ದರಿಂದ, ಬಾಗಿಲಿನ ಲಾಕಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಿ, ಬಾಗಿಲು ಹಾಕಿದೆ ಅಂತ ಕಾರನ್ನು ನಂಬಿಸಿದೆ. ಕೀಯನ್ನು ಅಡುಗೆಮನೆಯಲ್ಲಿಟ್ಟು, ಕಾಫಿ ಕುಡಿದು, ಪೇಪರ್ ಓದಿ ಬಂದೆ. ನಲವತ್ತು ನಿಮಿಷದ ನಂತರ ಮೀಟರ್ 0.38ಕ್ಕೆ ನಿಂತಿತ್ತು, ಅಲ್ಲಿಂದ ಕೆಳಗೆ ಇಳಿಯಲೊಲ್ಲದು.

ಆರೋಗ್ಯವಾಗಿರುವ ಕಾರು ಸಾಮಾನ್ಯವಾಗಿ 0.05ರೊಳಗೆ ಇರುತ್ತದೆ. ಗಂಟೆಗೆ 0.38 ಅಂದರೆ ದಿನಕ್ಕೆ 9 ಆಂಪಿಯರ್-ಅವರ್, 35ರ ಬ್ಯಾಟರಿಗೆ ನಾಲ್ಕು ದಿನಕ್ಕೇ ತಿಥಿ. ಭದ್ರಾವತಿಗೆ ಓಡಾಡುತ್ತಿದ್ದಾಗ ರಾತ್ರಿ ಸೋರಿದ್ದನ್ನು ಹಗಲು ಆಲ್ಟರ್ನೇಟರ್ ತುಂಬಿಸುತ್ತಿತ್ತು. ತೂತು ಮೊದಲಿಂದಲೂ ಇತ್ತು, ಕೊಡವನ್ನು ದಿನಾ ತುಂಬಿಸುತ್ತಿದ್ದುದರಿಂದ ಗೊತ್ತಾಗಲಿಲ್ಲ.

ಇನ್ನು ಎಲ್ಲಿ ಅನ್ನುವ ಪ್ರಶ್ನೆ. ಫ್ಯೂಸುಗಳನ್ನು ಒಂದೊಂದೇ ಕೀಳುತ್ತ ಹೋದರೆ ಮಲಗಿದ ಕಂಪ್ಯೂಟರುಗಳು ಮತ್ತೆ ಏಳುವ ಸಾಧ್ಯತೆ ಇದೆ. ಅದರ ಬದಲು ಮೇಷ್ಟ್ರ ಮೀಟರನ್ನೂ ತಂದು, ಮಿಲಿವೋಲ್ಟಿಗೆ ಇಟ್ಟು, ಪ್ರತಿ ಫ್ಯೂಸಿನ ತಲೆಯ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳಿಗೆ ಮುಟ್ಟಿಸಿದೆ. ಕರೆಂಟು ಹರಿಯುತ್ತಿರುವ ಫ್ಯೂಸಿನಲ್ಲಿ ಮಾತ್ರ ಸಣ್ಣ ಅಂಕಿ ಬರುತ್ತದೆ. ಡ್ಯಾಶಿನ ಕೆಳಗಿನ ಬಾಕ್ಸ್ ಮುಗಿಯಿತು, ಬಾನೆಟ್ಟಿನ ಕೆಳಗಿನದೂ ಮುಗಿಯಿತು. ಹೇಳಿಕೊಳ್ಳುವಂಥದ್ದು ಎಲ್ಲೂ ಇಲ್ಲ. ಸೊಂಟ ಹಿಡಿದುಕೊಂಡಿತು. ವರ್ಕ್‌ಶಾಪಿನವರ ಮೇಲೆ ನನಗೆ ಸ್ವಲ್ಪ ಅನುಕಂಪ ಹುಟ್ಟಿದ್ದು ಆ ಹೊತ್ತಿನಲ್ಲೇ.

ಸೋತು ಬಾನೆಟ್ ಇಳಿಸುವಾಗ ಕಣ್ಣಿಗೆ ಬಿತ್ತು. ಬ್ಯಾಟರಿಯ ಪಾಸಿಟಿವ್ ಕಂಬದಿಂದ ದಪ್ಪನೆಯ ಕೆಂಪು ವಯರೊಂದು ಯಾವ ಫ್ಯೂಸ್ ಬಾಕ್ಸಿಗೂ ಹೋಗದೆ, ತನ್ನದೇ ಸಣ್ಣ ಫ್ಯೂಸ್ ಡಬ್ಬಿ ಕಟ್ಟಿಕೊಂಡು, ಸೀದಾ ಕ್ಯಾಬಿನ್ನಿನೊಳಗೆ ನುಗ್ಗಿತ್ತು. ಆ ಫ್ಯೂಸ್ ಕಿತ್ತೆ. ಮೀಟರ್ 0.38ರಿಂದ 0.03ಕ್ಕೆ ಬಿತ್ತು.

ವಯರಿನ ಜಾಡು ಹಿಡಿದರೆ ಡ್ರೈವರ್ ಸೀಟಿನ ಕೆಳಗೆ, ಮ್ಯಾಟಿನಡಿಯಲ್ಲಿ, ಆಂಪ್ಲಿಫೈಯರ್, ಅಂದರೆ ಹಾಡಿನ ಸದ್ದು ಹೆಚ್ಚಿಸುವ ಡಬ್ಬಿ. ಕಾರು ಕೊಂಡಾಗ "ಆಕ್ಸೆಸರಿ ಪ್ಯಾಕ್" ಅಂತ ಅದೇ ಶೋರೂಮಿನಲ್ಲಿ ಹಾಕಿಸಿದ್ದು. ಫ್ಯೂಸ್ ವಾಪಸ್ ಹಾಕಿ, ಮರುದಿನ ಬೆಳಿಗ್ಗೆ ಮುಟ್ಟಿ ನೋಡಿದೆ. ಹೊರಗೆ ಡಿಸೆಂಬರಿನ ಚಳಿ, ಡಬ್ಬಿ ಮಾತ್ರ ಈಗಷ್ಟೇ ಎದ್ದುಹೋದ ಬೆಕ್ಕಿನ ಜಾಗದ ಹಾಗೆ ಬೆಚ್ಚಗಿತ್ತು. ಬದಿಯಲ್ಲಿ ಒಂದು ನೀಲಿ ದೀಪ ಉರಿಯುತ್ತಿತ್ತು.

ಆಂಪ್ಲಿಫೈಯರಿಗೆ ಕರೆಂಟಿನ ಕಡೆಯಿಂದ ಮೂರು ಸಂಪರ್ಕ ಬೇಕು. ಸದಾ ಇರುವ 12 ವೋಲ್ಟ್, ನೆಗೆಟಿವ್ ಕಡೆಯ ಅರ್ಥ್ ವಯರು, ಮತ್ತೆ "ಈಗ ಎದ್ದೇಳು" ಅಂತ ಹೇಳುವ ರಿಮೋಟ್ ಅನ್ನುವ ಸಣ್ಣ ವಯರು. ಆ ಮೂರನೆಯದು ಮ್ಯೂಸಿಕ್ ಸಿಸ್ಟಮ್ಮಿನಿಂದ ಬರಬೇಕು. ಕಂಪನಿಯಿಂದಲೇ ಬರುವ ಎಷ್ಟೋ ಸಿಸ್ಟಮ್ಮುಗಳಲ್ಲಿ ಆ ವಯರೇ ಇರುವುದಿಲ್ಲ, ನಮ್ಮದರಲ್ಲೂ ಇರಲಿಲ್ಲ. ಹಾಕಿದ ಹುಡುಗ ಎರಡಂಗುಲದ ತುಂಡು ವಯರಿನಿಂದ ರಿಮೋಟನ್ನು ಪಕ್ಕದ 12 ವೋಲ್ಟಿಗೇ ಜೋಡಿಸಿ ಕೈತೊಳೆದುಕೊಂಡಿದ್ದ. ಹಾಡು ಬರುತ್ತಿತ್ತಲ್ಲ, ಯಾರು ಕೇಳುತ್ತಾರೆ? ಮೂರು ವರ್ಷದಿಂದ ಆ ಡಬ್ಬಿ ಒಂದು ರಾತ್ರಿಯೂ ಮಲಗಿರಲಿಲ್ಲ.

ಆ ತುಂಡನ್ನು ಕತ್ತರಿಸಿ ನಾನೇ ಮುಗಿಸಬಹುದಿತ್ತು. ಬೇಕೆಂದೇ ಬಿಟ್ಟೆ. ಫೋಟೋ, ಮೀಟರಿನ ವಿಡಿಯೋ, ಕ್ಯಾಲೆಂಡರಿನ ಹಾಳೆ, ಮೂರು ಜಾಬ್ ಕಾರ್ಡು, ಎಲ್ಲಕ್ಕಿಂತ ಮುಖ್ಯವಾಗಿ ಆಕ್ಸೆಸರಿಯ ಬಿಲ್ಲು ಹಿಡಿದು ಹೋದೆ. ಆ ಬಿಲ್ಲು ಕಾರಿನ ಬಿಲ್ಲಿಗಿಂತ ಬೇರೆ ಇರುತ್ತದೆ, ಬಹಳ ಜನ ಎಸೆದುಬಿಡುತ್ತಾರೆ. ಅದಿಲ್ಲದಿದ್ದರೆ "ಹೊರಗಡೆ ಹಾಕಿಸಿದ್ದೀರಿ" ಅಂತ ಅವರು ಕೈ ಎತ್ತಬಹುದಿತ್ತು. ಎತ್ತಲು ನೋಡಿದರು ಕೂಡ.

ಸರ್ವಿಸ್ ಅಡ್ವೈಸರ್ ಜೊತೆ ಮಾತು ಬೆಳೆಸದೆ ವರ್ಕ್ಸ್ ಮ್ಯಾನೇಜರನ್ನು ಕೇಳಿದೆ. ಜಾಬ್ ಕಾರ್ಡಿನಲ್ಲಿ "ಸ್ಟಾರ್ಟಿಂಗ್ ಪ್ರಾಬ್ಲಂ" ಅಂತ ಟೈಪ್ ಮಾಡಲು ಹೊರಟವರನ್ನು ತಡೆದು, "ನಿಂತಾಗ 0.38 ಆಂಪಿಯರ್ ಸೋರಿಕೆ, ಆಂಪ್ಲಿಫೈಯರ್ ಫ್ಯೂಸ್ ತೆಗೆದರೆ 0.03" ಅಂತ ನನ್ನ ಮಾತಿನಲ್ಲೇ ಬರೆಸಿದೆ. ಇದಕ್ಕೆ ಹತ್ತು ನಿಮಿಷ ವಾದ ಮಾಡಬೇಕಾಯಿತು. ಆದರೆ "ಚೆಕ್ಡ್ ಓಕೆ" ಅಂತ ಈ ಅಂಕಿಯ ಪಕ್ಕ ಬರೆಯಲು ಯಾರಿಗೂ ಕೈ ಬರುವುದಿಲ್ಲ. ಮ್ಯಾನೇಜರ್ ಸೀಟಿನ ಕೆಳಗೆ ಕೈ ಹಾಕಿ ಮುಟ್ಟಿ ನೋಡಿ, ಒಂದು ನಿಮಿಷ ಮಾತಾಡಲಿಲ್ಲ. ರಿಮೋಟ್ ವಯರನ್ನು 12 ವೋಲ್ಟಿನ ಚಾರ್ಜಿಂಗ್ ಸಾಕೆಟ್ಟಿನ ಲೈನಿಗೆ, ಅಂದರೆ ಕೀ ತೆಗೆದರೆ ಸತ್ತುಹೋಗುವ ಲೈನಿಗೆ, ಅರ್ಧ ಗಂಟೆಯಲ್ಲಿ ಬದಲಿಸಿ ಕೊಟ್ಟರು. ಅದಕ್ಕೆ ದುಡ್ಡು ಕೇಳಲಿಲ್ಲ.

ಬ್ಯಾಟರಿಯ ಹಣದ ಮಾತು ಎತ್ತಿದಾಗ ಮುಖ ಬದಲಾಯಿತು. ಕಾರಿನ ಬ್ಯಾಟರಿ ಇರುವುದು ಒಂದು ಕ್ಷಣ ಜೋರಾಗಿ ಎಂಜಿನ್ ಎಬ್ಬಿಸಲಿಕ್ಕೆ. ತಳ ಕಾಣುವವರೆಗೆ ಖಾಲಿ ಮಾಡಿಸಿಕೊಂಡರೆ ಪ್ರತಿ ಸಲವೂ ಅದರ ಶಕ್ತಿ ಒಂದಿಷ್ಟು ಹೋಗುತ್ತದೆ. ಹೊಸ ಬ್ಯಾಟರಿ ಮೂರು ಸಲ ಹಾಗೆ ಸತ್ತಿತ್ತು. ಶೋರೂಮಿಗೂ ಕಂಪನಿಯ ಗ್ರಾಹಕ ವಿಭಾಗಕ್ಕೂ ಒಂದೇ ಇಮೇಲ್ ಕಳಿಸಿದೆ. ಬೈಗುಳವಿಲ್ಲ, ತಾರೀಕು ಮತ್ತು ಅಂಕಿ ಮಾತ್ರ. ಕೊನೆಗೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ಹೋಗಬಹುದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ ಅಂತ ಒಂದು ಸಾಲು. ಹತ್ತು ದಿನ ಉತ್ತರವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ ಮೇಲೆ ಫೋನ್ ಬಂತು. ನವೆಂಬರಿನ 650 ವಾಪಸ್, ಬ್ಯಾಟರಿಯ ಅರ್ಧ ದುಡ್ಡು ಮುಂದಿನ ಸರ್ವಿಸ್ ಬಿಲ್ಲಿನಲ್ಲಿ ಕಡಿತ. ಪೂರ್ತಿ ಕೊಡಿ ಅಂತ ಆಯೋಗದ ಮೆಟ್ಟಿಲು ಹತ್ತಬಹುದಿತ್ತು. ನನಗೆ ರಜೆ ಇರಲಿಲ್ಲ, ಒಪ್ಪಿಕೊಂಡೆ. ಮೇಷ್ಟ್ರಿಗೆ ಅದು ಇವತ್ತಿಗೂ ಅಸಮಾಧಾನ.

ಆ ಬ್ಯಾಟರಿ ಹದಿನಾರು ತಿಂಗಳಿಗೇ ಹೋಯಿತು. ಈಗಿನದನ್ನು ಪೇಟೆಯ ಬ್ಯಾಟರಿ ಅಂಗಡಿಯಲ್ಲಿ ಹಾಕಿಸಿದ್ದೇನೆ. ಮೊನ್ನೆ ಮೊನ್ನೆ ಮಳೆಗೆ ಒಂಬತ್ತು ದಿನ ಕಾರು ತೆಗೆದಿರಲಿಲ್ಲ. ಮೀಟರ್ ಹಿಡಿದರೆ 12.5. ಅಮ್ಮ ಒಳಗಿಂದಲೇ ಕೇಳಿದರು, "ಏನಾಯ್ತೋ, ಬಸ್ಸಾ, ಕಾರಾ?"