ಪರಿಸರಕ್ಕೂ ಆರೋಗ್ಯಕ್ಕೂ ಒಂದೇ ನೋಟ್‌ಬುಕ್: ಕೆಎಎಸ್, ಯುಪಿಎಸ್‌ಸಿಗೆ ನಾನು ಓದಿದ ರೀತಿ

ಪರೀಕ್ಷೆಗೆ ಓದುವವರಲ್ಲಿ ಹೆಚ್ಚಿನವರು ಪರಿಸರಕ್ಕೆ ಒಂದು ನೋಟ್‌ಬುಕ್, ಆರೋಗ್ಯಕ್ಕೆ ಇನ್ನೊಂದು ನೋಟ್‌ಬುಕ್ ಇಡುತ್ತಾರೆ. ಸಿಲಬಸ್ ಇರುವುದೇ ಹಾಗೆ. ಯುಪಿಎಸ್‌ಸಿ ಮೇನ್ಸ್‌ನಲ್ಲಿ ಆರೋಗ್ಯ ಜಿಎಸ್ (ಸಾಮಾನ್ಯ ಅಧ್ಯಯನ) 2ನೇ ಪತ್ರಿಕೆಗೆ ಹೋಗುತ್ತದೆ, ಪರಿಸರ ಜಿಎಸ್ 3ಕ್ಕೆ. ನಾನು ಎರಡನ್ನೂ ಒಂದೇ ನೋಟ್‌ಬುಕ್‌ಗೆ ಹಾಕಿದೆ. ಕನ್ನಡ ಮಾಧ್ಯಮದಲ್ಲಿ ಓದಿ, ಕನ್ನಡದಲ್ಲೇ ಉತ್ತರ ಬರೆದವಳು ನಾನು. ನನ್ನ ಇಡೀ ತಯಾರಿಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಒಂದು ನೋಟ್‌ಬುಕ್. ಅದಕ್ಕೇ ಅದನ್ನು ಹೇಗೆ ಮಾಡಿದೆ ಅಂತ ವಿವರವಾಗಿ ಹೇಳುತ್ತೇನೆ.

ಮೊದಲ ನಿಯಮ, ಸುದ್ದಿಗೆ ಪುಟ ಕೊಡಬಾರದು, ವಿಷಯಕ್ಕೆ ಕೊಡಬೇಕು. ಸುದ್ದಿ ದಿನಾ ಬದಲಾಗುತ್ತದೆ, ಅದರ ಹಿಂದಿರುವ ವಿಷಯ ವರ್ಷಗಟ್ಟಲೆ ಅದೇ ಇರುತ್ತದೆ. ಪ್ರತಿ ವಿಷಯಕ್ಕೂ ನಾನು ಕೇಳುತ್ತಿದ್ದ ಪ್ರಶ್ನೆಗಳು ಒಂದೇ. ಇದು ಎಲ್ಲಿಂದ ಹೊರಡುತ್ತದೆ? ಯಾವ ದಾರಿಯಲ್ಲಿ ಮನುಷ್ಯನ ಮೈ ಸೇರುತ್ತದೆ? ತಡೆಯುವ ಹೊಣೆ ಯಾರದು, ಯಾವ ಕಾನೂನಿನಡಿ? ಇದಕ್ಕೆಲ್ಲ ಉತ್ತರ ಸಿಕ್ಕರೆ ಆ ಪುಟ ಪ್ರಿಲಿಮ್ಸ್‌ಗೂ ಆಗುತ್ತದೆ, ಮೇನ್ಸ್‌ಗೂ ಆಗುತ್ತದೆ.

ಮಂಗನ ಕಾಯಿಲೆಯ ಪುಟವನ್ನೇ ನೋಡಿ. ಬೇಸಿಗೆ ಹತ್ತಿರ ಬಂತೆಂದರೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಜಿಲ್ಲಾ ಪುಟಗಳಲ್ಲಿ ಇದರ ಸುದ್ದಿ ಬರುತ್ತದೆ. 'ವೈರಸ್, ಉಣ್ಣೆ, ಶಿವಮೊಗ್ಗ' ಎಂದು ಬರೆದುಕೊಂಡು ಮುಂದೆ ಹೋಗುವುದು ಸುಲಭ. ಆದರೆ ಪ್ರಶ್ನೆ ಬರುವುದು ಅದರ ಆಚೆಗೆ.

ನನ್ನ ಪುಟದ ಎಡಭಾಗದಲ್ಲಿ ಕಾಡು, ಬಲಭಾಗದಲ್ಲಿ ಊರು, ನಡುವೆ ಒಂದು ಗೆರೆ. ಎಡಕ್ಕೆ: 1957, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು, ಮಂಗಗಳ ಸಾವು. ಡೆಂಗಿ, ಝೀಕಾ, ಹಳದಿ ಜ್ವರದ ವೈರಸ್‌ಗಳ ಗುಂಪಿಗೇ ಸೇರಿದ ಫ್ಲೇವಿವೈರಸ್. ಹರಡುವುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣ್ಣೆ, ಮಲೆನಾಡಿನವರ ಬಾಯಲ್ಲಿ ಉಣುಗು. ಮಂಗ, ಮುಸುವ ಎರಡೂ ಇದಕ್ಕೆ ಬಲಿಯಾಗುತ್ತವೆ. ಸತ್ತ ಮಂಗನ ಮೈಯಿಂದ ಉಣುಗುಗಳು ಕೆಳಗೆ ಉದುರುತ್ತವೆ. ಆ ಜಾಗವೇ ಅಪಾಯದ ಜಾಗ. ಕಾಡಿನಲ್ಲಿ ಮಂಗ ಸತ್ತಿದ್ದು ಕಂಡರೆ ತಕ್ಷಣ ತಿಳಿಸಿ ಎಂದು ಆರೋಗ್ಯ ಇಲಾಖೆ ಹೇಳುವುದು ಇದಕ್ಕೇ.

ಬಲಕ್ಕೆ: ಸೌದೆಗೆ, ಸೊಪ್ಪಿಗೆ, ದರಕಿಗೆ (ಒಣಗಿದ ಎಲೆಗೆ) ಕಾಡಿಗೆ ಹೋಗುವವರು, ದನ ಮೇಯಿಸುವವರು. ನವೆಂಬರ್‌ನಿಂದ ಮೇವರೆಗೆ ಉಣುಗಿನ ಮರಿಗಳು ಜಾಸ್ತಿ, ಜನ ಕಾಡಿಗೆ ಹೋಗುವುದೂ ಆಗಲೇ ಜಾಸ್ತಿ. ದನಗಳು ವೈರಸ್ ಹರಡುವುದಿಲ್ಲ, ಆದರೆ ಬೆಳೆದ ಉಣುಗುಗಳಿಗೆ ರಕ್ತ ಕೊಟ್ಟು ಅವುಗಳ ಸಂಖ್ಯೆ ಏರಲು ಕಾರಣವಾಗುತ್ತವೆ. ಮನುಷ್ಯನಿಂದ ಮನುಷ್ಯನಿಗೆ ಈ ಕಾಯಿಲೆ ಹರಡುವುದಿಲ್ಲ.

ಕೊನೆಯ ಎರಡು ಸಾಲು ಓದಿದಿರಲ್ವಾ? ಹೇಳಿಕೆ ಕೊಟ್ಟು ಸರಿಯೋ ತಪ್ಪೋ ಕೇಳುವ ಸ್ಟೇಟ್‌ಮೆಂಟ್ ಪ್ರಶ್ನೆ ಹುಟ್ಟುವುದು ಇಂಥ ಸಾಲುಗಳಿಂದಲೇ. ಅದರ ಪಕ್ಕದಲ್ಲೇ ನಾನು ನಿಪಾ ವೈರಸ್ ಬರೆದುಕೊಂಡಿದ್ದೆ. ಅದರ ನೆಲೆ ಹಣ್ಣು ತಿನ್ನುವ ಬಾವಲಿ. ಅದು ಮನುಷ್ಯನಿಂದ ಮನುಷ್ಯನಿಗೂ ಹರಡುತ್ತದೆ. 2001ರಲ್ಲಿ ಸಿಲಿಗುರಿಯಲ್ಲೂ 2018ರಲ್ಲಿ ಕೋಯಿಕ್ಕೋಡಿನಲ್ಲೂ ಆಸ್ಪತ್ರೆಗಳ ಒಳಗೇ ಹಬ್ಬಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದಕ್ಕೊಂದು ಬೆರೆತುಹೋಗುವುದಿಲ್ಲ.

ಪುಟದ ಕೆಳಗೆ, ರೋಗ ಎಲ್ಲೆಲ್ಲಿಗೆ ಸರಿಯಿತು ಎಂಬ ಸಾಲು. 2012ರಲ್ಲಿ ಬಂಡೀಪುರ, ನಂತರ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ. ಹೆಸರುಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಪಶ್ಚಿಮ ಘಟ್ಟದ ಗೆರೆಯೇ ಎದ್ದು ಕಾಣುತ್ತದೆ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆಗೆ ಜನ ಸತ್ತರು. ಮೊದಲು ಕೊಡುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು ಅದನ್ನು ನಿಲ್ಲಿಸಲಾಯಿತು. ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳಲು ಡೀಪಾ ಎಣ್ಣೆ ಹಂಚುತ್ತಾರೆ. ಕಾಡಿಗೆ ಹೋಗದೆ ಬದುಕು ನಡೆಯದವರಿಗೆ 'ಕಾಡಿಗೆ ಹೋಗಬೇಡಿ' ಎಂದು ಹೇಳಿದರೆ ಸಾಲದು ಎಂಬ ನನ್ನ ಮಾತನ್ನೂ ಅಲ್ಲೇ ಬರೆದಿಟ್ಟಿದ್ದೆ. ಮುಂದೆ ಅಧಿಕಾರಿಯಾಗುವವರು ಈ ಪುಟವನ್ನು ಮಾರ್ಕ್ಸ್‌ಗಾಗಿ ಮಾತ್ರ ಓದಬಾರದು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಮೇನ್ಸ್‌ನಲ್ಲಿ ಇದೇ ಪುಟ ಬೇರೆ ಬೇರೆ ಪ್ರಶ್ನೆಗಳಿಗೆ ಒದಗುತ್ತದೆ. ಅರಣ್ಯ ನಾಶಕ್ಕೂ ಪ್ರಾಣಿಜನ್ಯ ರೋಗಗಳಿಗೂ ಇರುವ ಸಂಬಂಧ ಕೇಳಿದರೆ ಇದೇ ಉದಾಹರಣೆ. ಮನುಷ್ಯ, ಪ್ರಾಣಿ, ಪರಿಸರದ ಆರೋಗ್ಯ ಒಂದೇ ಎನ್ನುವ 'ಒನ್ ಹೆಲ್ತ್' ಕೇಳಿದರೂ ಇದೇ. ಪಶುವೈದ್ಯರು, ಅರಣ್ಯ ಇಲಾಖೆ, ಆರೋಗ್ಯ ಇಲಾಖೆ ಒಟ್ಟಿಗೆ ಕೆಲಸ ಮಾಡದೆ ಈ ಕಾಯಿಲೆ ನಿಲ್ಲುವುದಿಲ್ಲ. 150 ಪದಗಳ ಉತ್ತರದಲ್ಲಿ ಕಾಡಂಚು, ಉಣುಗು, ಮಂಗ, ಮನುಷ್ಯ ಎಂದು ನಾಲ್ಕು ವೃತ್ತ ಬರೆದು ಬಾಣದ ಗುರುತು ಎಳೆದರೆ ನಾಲ್ಕು ಸಾಲು ಉಳಿಯುತ್ತದೆ. ಆ ನಾಲ್ಕು ಸಾಲನ್ನು ಪರಿಹಾರಕ್ಕೆ ಬಳಸುತ್ತಿದ್ದೆ.

ನನಗೆ ಇಷ್ಟವಾದ ಇನ್ನೊಂದು ಪುಟ ರಣಹದ್ದಿನದು. ಪರಿಸರ ಕೆಟ್ಟರೆ ಆರೋಗ್ಯ ಹೇಗೆ ಕೆಡುತ್ತದೆ ಎನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನಮ್ಮ ದೇಶದಲ್ಲಿ ಕಡಿಮೆ. ದನಗಳ ನೋವಿಗೆ ಡೈಕ್ಲೋಫೆನಾಕ್ ಕೊಡುತ್ತಿದ್ದರು. ಔಷಧಿ ಇನ್ನೂ ಮೈಯಲ್ಲಿರುವಾಗಲೇ ಸತ್ತ ದನವನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸಾಯುತ್ತಿದ್ದವು. 1990ರ ದಶಕದಿಂದ ಶುರುವಾಗಿ ಬಿಳಿಬೆನ್ನಿನ ರಣಹದ್ದು ಶೇ 99ಕ್ಕಿಂತ ಜಾಸ್ತಿ ಕಡಿಮೆಯಾಯಿತು. ತಿನ್ನುವವರಿಲ್ಲದ ಹೆಣಗಳು ಬೀದಿ ನಾಯಿಗಳ ಪಾಲಾದವು. ನಾಯಿ ಹೆಚ್ಚಾದರೆ ರೇಬೀಸ್ ಭಯ ಹೆಚ್ಚುತ್ತದೆ. ಹೆಣ ಕೊಳೆತು ನೀರೂ ಕೆಡುತ್ತದೆ.

ಇದರಲ್ಲಿ ನೆನಪಿಡಬೇಕಾದದ್ದು ಕಾನೂನಿನ ಕ್ರಮ. 2006ರಲ್ಲಿ ಪಶು ಬಳಕೆಗೆ ಡೈಕ್ಲೋಫೆನಾಕ್ ನಿಷೇಧ. ಆದರೂ ಮನುಷ್ಯರಿಗೆಂದು ಬರುವ ದೊಡ್ಡ ಬಾಟಲಿಗಳನ್ನು ದನಕ್ಕೆ ಚುಚ್ಚುವುದು ನಿಲ್ಲಲಿಲ್ಲ. ಅದಕ್ಕೆ 2015ರಲ್ಲಿ ಬಾಟಲಿಯ ಗಾತ್ರಕ್ಕೇ 3 ಮಿಲಿಲೀಟರ್ ಮಿತಿ ಹಾಕಿದರು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ಪಶು ಬಳಕೆಯಿಂದ ಹೊರಬಿದ್ದವು. ಹದ್ದಿಗೆ ತೊಂದರೆ ಕೊಡದ ಔಷಧಿ ಎಂದು ಹೇಳುವುದು ಮೆಲೊಕ್ಸಿಕಾಮ್ ಮತ್ತು ಟಾಲ್ಫೆನಾಮಿಕ್ ಆಸಿಡ್. ಆಪ್ಷನ್‌ಗಳಲ್ಲಿ ಈ ಹೆಸರುಗಳನ್ನು ಬೆರೆಸಿ ಇಟ್ಟರೆ ಸುಮ್ನೆ ಊಹೆಯಿಂದ ಬಿಡಿಸುವುದು ಕಷ್ಟ. ಕೆಎಎಸ್‌ಗೆ ಇದರ ಜತೆ ರಾಮನಗರದ ರಾಮದೇವರ ಬೆಟ್ಟ ಸೇರಿಸಿಕೊಳ್ಳಿ. 2012ರಲ್ಲಿ ಅದನ್ನು ರಣಹದ್ದುಗಳ ಧಾಮ ಎಂದು ಘೋಷಿಸಲಾಯಿತು.

ಗಾಳಿಯ ಪುಟದಲ್ಲಿ ಬರೀ ಅಂಕಿಗಳು. ಇಲ್ಲಿ ಯಾವ ಅಂಕಿ ಕಲಿಯಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನ ಮಾಡಿದ್ದೇ ದೊಡ್ಡ ಕೆಲಸ. ಯಾವ ನಗರ ಎಷ್ಟನೇ ಸ್ಥಾನದಲ್ಲಿದೆ ಎಂಬ ರ‍್ಯಾಂಕಿಂಗ್‌ಗಳನ್ನು ಬಿಟ್ಟೆ, ಅವು ವರ್ಷಕ್ಕೊಮ್ಮೆ ಬದಲಾಗುತ್ತವೆ. ಮಾನದಂಡ ಮತ್ತು ಗುರಿ, ಇವೆರಡನ್ನು ಇಟ್ಟುಕೊಂಡೆ. ನಮ್ಮ 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ಪಿಎಂ 2.5ರ (ಗಾಳಿಯಲ್ಲಿನ ಅತಿ ಸಣ್ಣ ಕಣಗಳ) ವಾರ್ಷಿಕ ಸರಾಸರಿ ಘನ ಮೀಟರಿಗೆ 40 ಮೈಕ್ರೊಗ್ರಾಂ ಮೀರಬಾರದು, 24 ಗಂಟೆಯ ಸರಾಸರಿ 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5 ಮತ್ತು 15. ಈ ಅಂತರವನ್ನು ಒಂದು ಸಾಲಿನಲ್ಲಿ ಬರೆದರೆ ಮೇನ್ಸ್ ಉತ್ತರಕ್ಕೆ ತೂಕ ಬರುತ್ತದೆ. 2019ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಮೊದಲ ಗುರಿ ಗಾಳಿಯ ಕಣಗಳಲ್ಲಿ ಶೇ 20ರಿಂದ 30 ಇಳಿಕೆ. ಆಮೇಲೆ ಅದನ್ನು 2025–26ರೊಳಗೆ ಶೇ 40ಕ್ಕೆ ಏರಿಸಿದರು. ಈ ಕಾರ್ಯಕ್ರಮದ ನಗರಗಳಲ್ಲಿ ನಮ್ಮವು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಎಕ್ಯೂಐ (ವಾಯು ಗುಣಮಟ್ಟ ಸೂಚ್ಯಂಕ) ಲೆಕ್ಕಕ್ಕೆ ಬರುವ ಮಾಲಿನ್ಯಕಾರಕಗಳು 8. ಅದರಲ್ಲಿ ಅಮೋನಿಯಾ, ಸೀಸ ಇವೆ, ಕಾರ್ಬನ್ ಡೈಆಕ್ಸೈಡ್ ಇಲ್ಲ. ಇದನ್ನು ಕೆಂಪು ಪೆನ್ನಿನಲ್ಲಿ ಬರೆದಿದ್ದೆ.

ನೀರಿನ ವಿಷಯದಲ್ಲಿ ಕರ್ನಾಟಕದ ಅಭ್ಯರ್ಥಿಗಳಿಗೆ ಫ್ಲೋರೈಡ್ ಬಿಟ್ಟು ಬೇರೆ ಉದಾಹರಣೆ ಹುಡುಕುವ ಅಗತ್ಯವೇ ಇಲ್ಲ. ಪಾವಗಡ, ಬಾಗೇಪಲ್ಲಿ ಕಡೆ ಕೆರೆ ಬತ್ತಿ, ಬೋರ್‌ವೆಲ್ ಆಳಕ್ಕೆ ಹೋದಷ್ಟೂ ಗ್ರಾನೈಟ್ ಕಲ್ಲಿನ ಫ್ಲೋರೈಡ್ ನೀರಿಗೆ ಬರುತ್ತದೆ. ಹಲ್ಲು ಕಲೆಗಟ್ಟುತ್ತದೆ, ಮೂಳೆ ಬಾಗುತ್ತದೆ. ಭಾರತೀಯ ಮಾನದಂಡದಲ್ಲಿ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದ ಕಡೆ 1.5. ಅಂತರ್ಜಲ ಕುಸಿತ ಎಂಬ ಪರಿಸರದ ವಿಷಯ ಇಲ್ಲಿ ನೇರವಾಗಿ ಮಕ್ಕಳ ಹಲ್ಲಿಗೆ, ಮೂಳೆಗೆ ಬಂದು ಮುಟ್ಟುತ್ತದೆ. ಕೋಲಾರದ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿಸುವ ಕೆ.ಸಿ. ವ್ಯಾಲಿ ಯೋಜನೆಯನ್ನೂ ಇದೇ ಪುಟಕ್ಕೆ ಸೇರಿಸಿದೆ. ಅಂತರ್ಜಲ ಏರುವ ಲಾಭ ಒಂದು ಕಡೆ. ಎರಡನೇ ಹಂತದವರೆಗೆ ಮಾತ್ರ ಶುದ್ಧಿಯಾದ ನೀರು ಸಾಕೇ ಎಂಬ ಜನರ ಆತಂಕ ಇನ್ನೊಂದು ಕಡೆ. ಎರಡೂ ಕಡೆ ಬರೆಯದೆ ಈ ಉತ್ತರ ಪೂರ್ತಿಯಾಗುವುದಿಲ್ಲ.

ರಾಮ್ಸಾರ್ ತಾಣಗಳನ್ನು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳನ್ನು, ನಾನು ಪಟ್ಟಿ ಮಾಡಿ ಬಾಯಿಪಾಠ ಮಾಡಲಿಲ್ಲ. ಕರ್ನಾಟಕದ ಖಾಲಿ ನಕ್ಷೆಯಲ್ಲಿ ನಾಲ್ಕು ಚುಕ್ಕೆ ಇಟ್ಟೆ. 2022ರಲ್ಲಿ ರಂಗನತಿಟ್ಟು. 2024ರ ಜನವರಿಯಲ್ಲಿ ಗದಗದ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆ. ಇವು ಯಾವ ಜಿಲ್ಲೆಯಲ್ಲಿವೆ, ನದಿಯೇ, ಕೆರೆಯೇ, ಅಳಿವೆಯೇ ಎಂದು ಗೊತ್ತಿದ್ದರೆ ಸಾಕು.

ಸಂವಿಧಾನದ ಪುಟ ಚಿಕ್ಕದು, ಆದರೆ ಪ್ರತಿ ಉತ್ತರದಲ್ಲೂ ಕೆಲಸಕ್ಕೆ ಬರುತ್ತದೆ. 47ನೇ ವಿಧಿ (ಸಾರ್ವಜನಿಕ ಆರೋಗ್ಯ ಸುಧಾರಿಸುವ ಸರ್ಕಾರದ ಹೊಣೆ), 48ಎ (ಪರಿಸರ ಕಾಯುವ ಸರ್ಕಾರದ ಹೊಣೆ), 51ಎ(ಜಿ) (ಪರಿಸರ ಕಾಯುವ ನಾಗರಿಕರ ಕರ್ತವ್ಯ). ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಯಲ್ಲಿದೆ. ಅರಣ್ಯ ಮತ್ತು ವನ್ಯಜೀವಿ 1976ರ 42ನೇ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಗೆ ಬಂದವು. ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆ ಪಡೆಯುವ ಹಕ್ಕನ್ನು ಸುಪ್ರೀಂ ಕೋರ್ಟ್ 2024ರಲ್ಲಿ 14 ಮತ್ತು 21ನೇ ವಿಧಿಗಳಿಂದ ಎತ್ತಿ ಹೇಳಿತು. ಅದು ಹೆಬ್ಬಕ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ಪ್ರಕರಣ.

ಓದುವ ಕ್ರಮದ ಬಗ್ಗೆ ಇಷ್ಟು ಹೇಳುತ್ತೇನೆ. ಬೆಳಿಗ್ಗೆ ಕನ್ನಡ ಪತ್ರಿಕೆಯ ಜಿಲ್ಲಾ ಪುಟ ಮೊದಲು. ಪರಿಸರ, ಆರೋಗ್ಯದ ಒಳ್ಳೆಯ ಉದಾಹರಣೆಗಳು ಅಲ್ಲೇ ಜಾಸ್ತಿ ಸಿಗುತ್ತವೆ. ನಂತರ ಪಿಐಬಿ (ಕೇಂದ್ರ ಸರ್ಕಾರದ ಪತ್ರಿಕಾ ವಿಭಾಗ) ಪ್ರಕಟಣೆ. ಯೋಜನೆ ಯಾವ ಸಚಿವಾಲಯದ್ದು, ಆದೇಶ ಯಾವ ಕಾಯ್ದೆಯಡಿ ಬಂತು ಎಂಬುದು ಅಲ್ಲಿ ಖಚಿತವಾಗಿ ಸಿಗುತ್ತದೆ. ತಿಂಗಳ ಮ್ಯಾಗಜೀನ್ ನನಗೆ ಬಿಟ್ಟುಹೋದದ್ದನ್ನು ನೋಡಿಕೊಳ್ಳಲು ಮಾತ್ರ. ಹಳೇ ಪ್ರಶ್ನೆಪತ್ರಿಕೆಗಳನ್ನು ಮಾತ್ರ ಶುರುವಿನಲ್ಲೇ ಬಿಡಿಸಬೇಕು, ಕೊನೆಗೆ ಇಟ್ಟುಕೊಳ್ಳಬಾರದು. ಆಗ ಪತ್ರಿಕೆ ಓದುವಾಗಲೇ ಕಣ್ಣು ಸರಿಯಾದ ಸಾಲಿನ ಮೇಲೆ ನಿಲ್ಲುತ್ತದೆ.

ಪ್ರತಿ ಪುಟದ ಕೆಳಗೆ ನಾಲ್ಕೈದು ಸಾಲು ಖಾಲಿ ಬಿಡಿ. ಹೊಸ ಬದಲಾವಣೆ ಬಂದಾಗ ಅಲ್ಲೇ ಬರೆಯಿರಿ, ಬೇರೆ ಹಾಳೆ ಬೇಡ. ಡೆಂಗಿ ಪುಟದಲ್ಲಿ ಈಡಿಸ್ ಸೊಳ್ಳೆ, ಹಗಲು ಕಚ್ಚುವುದು, ನಿಂತ ತಿಳಿನೀರು ಎಲ್ಲ ಮೊದಲೇ ಇತ್ತು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಅಧಿಸೂಚಿಸಿದಾಗ ಕೆಳಗೆ ಒಂದೇ ಸಾಲು ಸೇರಿತು. ಪ್ರಿಲಿಮ್ಸ್ ಹತ್ತಿರ ಬಂದಾಗ ನಾನು ಓದಿದ್ದು ಹೆಚ್ಚಾಗಿ ಈ ಕೆಳಗಿನ ಸಾಲುಗಳನ್ನೇ.

ಸದ್ಯ ಹೆಚ್ಚು ಜಾಗ ಬಿಡಬೇಕಾದ ಪುಟ ಸಾಂಕ್ರಾಮಿಕ ಒಪ್ಪಂದದ್ದು. 2025ರ ಮೇ 20ರಂದು ವಿಶ್ವ ಆರೋಗ್ಯ ಸಭೆ ಅದನ್ನು ಅಂಗೀಕರಿಸಿತು. ರೋಗಾಣುಗಳ ಮಾದರಿ ಹಂಚಿಕೊಳ್ಳುವುದು, ಅದರಿಂದ ಬರುವ ಲಸಿಕೆಯಲ್ಲಿ ಬಡ ದೇಶಗಳಿಗೂ ಪಾಲು ಸಿಗುವುದು, ಇದರ ಅನುಬಂಧವನ್ನು ಆಮೇಲಿನ ಮಾತುಕತೆಗೆ ಬಿಟ್ಟರು. ಅದು ಮುಗಿದ ಮೇಲೆ ಸಹಿ, ಬಳಿಕ 60 ದೇಶಗಳ ಅನುಮೋದನೆ, ಆಗಲೇ ಜಾರಿ. ಒಪ್ಪಂದ 'ಅಂಗೀಕಾರ'ವಾಗಿದೆ, 'ಜಾರಿ'ಯಾಗಿದೆ ಎಂಬ ಎರಡು ಹೇಳಿಕೆಗಳನ್ನು ಒಂದೇ ಪ್ರಶ್ನೆಯಲ್ಲಿ ಕೊಡಬಹುದು. ಹಾಗಾಗಿ ಆ ಸಾಲಿನ ಮುಂದೆ ದಿನಾಂಕ ಹಾಕಿ ಇಟ್ಟುಕೊಳ್ಳಿ.