ಮನೆಗೆ ವಾಪಸ್ ಬಂದ ಮೇಲೇ ಸ್ಟೇಟಸ್

ಹಾಸನದಲ್ಲಿ ಮನೆಯಲ್ಲೇ ಬ್ಲೌಸ್, ಚೂಡಿದಾರ್ ಹೊಲಿಯೋದು ನನ್ನ ಕೆಲಸ. ಅಳತೆ, ಡಿಸೈನ್, "ಅಕ್ಕಾ, ರೆಡಿ ಆಯ್ತಾ?" ಎಲ್ಲವೂ ವಾಟ್ಸಾಪ್‌ನಲ್ಲೇ. ಹಾಗಾಗಿ ಬಟ್ಟೆ ಕೊಟ್ಟವರ ನಂಬರ್ ನನ್ನ ಫೋನಲ್ಲಿದೆ, ನನ್ನ ನಂಬರ್ ಅವರ ಫೋನಲ್ಲಿದೆ. ನನ್ನ ಸ್ಟೇಟಸ್ ಅವರಿಗೆ ಕಾಣೋದಕ್ಕೆ ಅಷ್ಟು ಸಾಕು.

ಮೊದಲು ನಾನು ಹಾಕದ ಸ್ಟೇಟಸ್ ಇರಲಿಲ್ಲ. ಬೆಳಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಹೊಸ ಕುತ್ತಿಗೆ ಡಿಸೈನ್, ಸಂಜೆ ಮಗನ ಹೋಂವರ್ಕ್ ರಾಮಾಯಣ. 24 ಗಂಟೆಯಲ್ಲಿ ತಾನಾಗೇ ಹೋಗುತ್ತಲ್ಲ ಅಂತ ಧೈರ್ಯ.

ಒಂದು ದಸರಾ ರಜೆಯಲ್ಲಿ ಉಡುಪಿಗೆ ಹೊರಟೆವು. ಹಿಂದಿನ ರಾತ್ರಿಯೇ ಬ್ಯಾಗ್‌ಗಳ ಫೋಟೋ ಹಾಕಿ "ನಾಳೆ ಉಡುಪಿ, ಶುಕ್ರವಾರದವರೆಗೆ ಫುಲ್ ರೆಸ್ಟ್" ಅಂತ ಬರೆದೆ. ಮರುದಿನ ಸಂಜೆ ಮಲ್ಪೆ ಬೀಚ್. ಅಲೆಯಲ್ಲಿ ನಿಂತ ಫೋಟೋ ಹಾಕಿ ಹತ್ತು ನಿಮಿಷ ಆಗಿರಲಿಲ್ಲ, ಫೋನ್ ಬಂತು. "ಏನಕ್ಕಾ, ನೀವು ಸಮುದ್ರದಲ್ಲಿ ಕಾಲು ನೆನೆಸ್ತಿದ್ದೀರ, ನನ್ನ ಬ್ಲೌಸ್ ಏನಾಯ್ತು? ಭಾನುವಾರ ಮದುವೆ!" ಎರಡು ದಿನದ ಹಿಂದಷ್ಟೇ ಅವರಿಗೆ ಕೈ ನೋವು ಅಂದಿದ್ದೆ. ನೋವು ಇದ್ದದ್ದು ನಿಜ. ಫೋಟೋದಲ್ಲಿ ಅದು ಕಾಣಲ್ಲ ಅಲ್ವಾ?

ಅದಾದರೂ ಇರಲಿ. ಮಾರನೇ ದಿನ ಕೃಷ್ಣ ಮಠದಲ್ಲಿ ಕನಕನ ಕಿಂಡಿ ನೋಡಿ ಹೊರಗೆ ಬರುವಾಗ ಇನ್ನೊಂದು ಕಾಲ್. ವರ್ಷದ ಹಿಂದೆ ನಮ್ಮ ಮನೆ ನೀರಿನ ಫಿಲ್ಟರ್ ರಿಪೇರಿ ಮಾಡಿದ್ದ ಹುಡುಗ. "ಮೇಡಂ, ಸರ್ವಿಸ್ ಟೈಮ್ ಆಗಿದೆ. ಶುಕ್ರವಾರ ತಾನೇ ನೀವು ಉಡುಪಿಯಿಂದ ಬರೋದು? ಶನಿವಾರ ಬರ್ಲಾ?"

ಪಾಪ, ಅವನ ಮನಸ್ಸಲ್ಲಿ ಏನೂ ಇರಲಿಲ್ಲ. ಆದರೆ ನನಗೆ ಬಿಸಿಲಲ್ಲೂ ಮೈ ತಣ್ಣಗಾಯ್ತು. ನಮ್ಮ ಅಡುಗೆಮನೆಯವರೆಗೂ ಬಂದು ಹೋದವನು. ಹಿಂಬಾಗಿಲ ಚಿಲಕ ಸಡಿಲ ಇರೋದನ್ನು ನೋಡಿದವನು. ಮನೆಯಲ್ಲಿ ಯಾರೂ ಇಲ್ಲ, ಯಾವತ್ತಿನವರೆಗೆ ಇಲ್ಲ, ಎರಡನ್ನೂ ನಾನೇ ಅವನಿಗೆ ಬರೆದು ತಿಳಿಸಿದ್ದೆ!

ಆ ಮಧ್ಯಾಹ್ನವೇ ಲಾಡ್ಜ್‌ನಲ್ಲಿ ಕಾಂಟ್ಯಾಕ್ಟ್ ಲಿಸ್ಟ್ ಹಿಡಿದು ಕೂತೆ. "ಗ್ಯಾಸ್", "ಆಟೋ ಅಣ್ಣ", "ಲೈನಿಂಗ್ ಅಂಗಡಿ", "ಹಸಿರು ರೇಷ್ಮೆ ಬ್ಲೌಸ್". ಈ ಹಸಿರು ರೇಷ್ಮೆ ಯಾರು ಅಂತ ಇವತ್ತಿಗೂ ನೆನಪಾಗಿಲ್ಲ. ನನ್ನ ಮಗನ ಹುಟ್ಟುಹಬ್ಬವನ್ನು ಅವರು ನೋಡಿರ್ತಾರೆ.

ಸ್ಟೇಟಸ್ ಪ್ರೈವಸಿಯಲ್ಲಿ ಮೂರು ದಾರಿ ಇದೆ: ಎಲ್ಲ ಕಾಂಟ್ಯಾಕ್ಟ್‌ಗಳಿಗೆ, ಕೆಲವರನ್ನು ಬಿಟ್ಟು ಉಳಿದವರಿಗೆ, ಆರಿಸಿದವರಿಗೆ ಮಾತ್ರ. ಮೊದಲು ಎರಡನೆಯದನ್ನು ಯೋಚಿಸಿದೆ. ನನ್ನಂಥವರಿಗೆ ಅದು ಆಗಿಬರಲ್ಲ. ಹೊಸ ಕಸ್ಟಮರ್ ನಂಬರ್ ಸೇವ್ ಮಾಡಿದರೆ ಅವರೂ ನೋಡುವವರ ಸಾಲಿಗೆ ಸೇರಿಬಿಡ್ತಾರೆ. ಮೂರನೆಯದೇ ಸರಿ ಅಂತ ಒಬ್ಬೊಬ್ಬರನ್ನೇ ಆರಿಸಿದೆ. 34 ಜನ ಆದರು. ಆಗಲೇ ಹಾಕಿದ ಸ್ಟೇಟಸ್‌ಗೆ ಈ ಬದಲಾವಣೆ ಅನ್ವಯಿಸಲ್ಲ. ಅದಕ್ಕೇ ಮಲ್ಪೆ ಫೋಟೋ ಡಿಲೀಟ್ ಮಾಡಿದೆ.

ಊರಿಗೆ ಬಂದು ಇನ್ನೊಂದು ಸಿಮ್ ತಗೊಂಡು ವಾಟ್ಸಾಪ್ ಬಿಸಿನೆಸ್ ಹಾಕಿಕೊಂಡೆ. ಅಲ್ಲಿ ಬರೀ ಬ್ಲೌಸ್. ಎಲ್ಲಾದರೂ ಹೊರಟರೆ "ಗುರುವಾರದವರೆಗೆ ಹೊಸ ಆರ್ಡರ್ ಇಲ್ಲ" ಅಂತ ಮಾತ್ರ. ಕೈ ನೋವಿನ ಕಥೆಯೂ ಬೇಕಾಗಲ್ಲ. ಹಿಂಬಾಗಿಲಿಗೆ ಹೊಸ ಚಿಲಕವೂ ಬಂತು.

ಟೂರ್ ಫೋಟೋ ಈಗ ಮನೆಗೆ ಬಂದು, ಬಟ್ಟೆ ಒಗೆಯಲು ಹಾಕಿದ ಮೇಲೇ. ಮಜಾ ಸ್ವಲ್ಪ ಕಡಿಮೆ, ಸುಮ್ನೆ ಯಾಕೆ ಸುಳ್ಳು ಹೇಳಲಿ. ಅಮ್ಮನಿಗೆ ಮಾತ್ರ ಅಲ್ಲಿಂದಲೇ ಕಳಿಸ್ತೀನಿ. ಇಲ್ಲದಿದ್ದರೆ "ತಲುಪಿದ್ರಾ?" ಅಂತ ಗಂಟೆಗೊಂದು ಫೋನ್ ಬರುತ್ತೆ.

ಮೊನ್ನೆ ನಾದಿನಿ ಅತ್ತೆಯ ಫೋನಲ್ಲಿ ನಮ್ಮ ಬೇಲೂರು ಫೋಟೋ ನೋಡಿದಳಂತೆ. "ಅತ್ತಿಗೆ, ನನಗ್ಯಾಕೆ ಕಾಣಲ್ಲ?" ಅಂತ ಮುಖ ಊದಿಸಿಕೊಂಡಳು. ಲಿಸ್ಟ್‌ನಲ್ಲಿ ಈಗ 35 ಜನ ಇದ್ದಾರೆ.