ರೆಕ್ಕೆಯ ಕಣ್ಣು ಮುಚ್ಚುವ ಮುನ್ನ

ಅವರೆಕಾಯಿಗೆ ಸೊಗಡು ಹತ್ತುವ ಹೊತ್ತಿಗೆ ನಮ್ಮ ಅಡುಗೆಮನೆ ಗೋಡೆಗೆ ಒಂದು ಒಣಗಿದೆಲೆ ಬಂದು ಅಂಟಿಕೊಳ್ಳುತ್ತದೆ. ಟ್ಯೂಬ್‌ಲೈಟಿನ ಪಕ್ಕದಲ್ಲೇ, ಕತ್ತಲು ಕವಿಯುವ ವೇಳೆಗೆ. ಅಮ್ಮನ ಲೆಕ್ಕದಲ್ಲಿ ಅದು ಹುಳ. 'ದೀಪ ಆರಿಸೋ, ಸಾರಿನೊಳಗೆ ಬಿದ್ದೀತು' ಅನ್ನುತ್ತಾರೆ. ನಿಜಕ್ಕೂ ಅದು ಈವ್ನಿಂಗ್ ಬ್ರೌನ್ ಎಂಬ ಚಿಟ್ಟೆ. ಮಳೆಗಾಲದಲ್ಲಿ ಬಂದಿದ್ದರೆ ಅದರ ಮಡಿಸಿದ ರೆಕ್ಕೆಯ ಅಂಚಿಗೆ ಹಳದಿ ಬಳೆ ತೊಟ್ಟ ಕಪ್ಪು ಕಣ್ಣುಗಳ ಸಾಲೇ ಇರುತ್ತಿತ್ತು. ಡಿಸೆಂಬರಿನಲ್ಲಿ ಬರುವುದಕ್ಕೆ ಕಣ್ಣಿಲ್ಲ, ಬರೀ ತರಗೆಲೆ.

ಮೈಸೂರು, ಮಂಡ್ಯದ ಕಡೆ ಚಳಿಗಾಲದಲ್ಲಿ ಚಿಟ್ಟೆಗಳು ಪೂರ್ತಿ ಮಾಯವಾಗುವುದಿಲ್ಲ. ಸಂಖ್ಯೆ ಇಳಿಯುತ್ತದೆ, ಕೆಲವು ಜಾತಿಗಳ ವೇಷ ಬದಲಾಗುತ್ತದೆ. ಆ ಬದಲಾವಣೆಯನ್ನು ಹಿಡಿಯಬೇಕಾದರೆ ದೀಪಾವಳಿ ಕಳೆದು ಧನುರ್ಮಾಸ ಹಿಡಿಯುವವರೆಗಿನ ವಾರಗಳೇ ಸರಿಯಾದ ಕಾಲ. ಹಿಂಗಾರು ಆಗಷ್ಟೇ ನಿಂತಿರುತ್ತದೆ, ಬೇಲಿಯಲ್ಲಿ ಹೂ ಇನ್ನೂ ಉಳಿದಿರುತ್ತದೆ.

ಬೆಳಿಗ್ಗೆ ಬೇಗ ಏಳಬೇಡಿ

ಹಕ್ಕಿ ನೋಡುವವರ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಚಿಟ್ಟೆಯದು ತಣ್ಣನೆ ರಕ್ತ. ಎದೆಯ ಸ್ನಾಯು ಬಿಸಿಯಾಗದೆ ರೆಕ್ಕೆ ಬಡಿಯಲು ಆಗುವುದಿಲ್ಲ. ನವೆಂಬರ್ ಕೊನೆಯಲ್ಲಿ ಆರು ಗಂಟೆಗೆ ಕೆರೆ ಏರಿ ಮೇಲೆ ನಿಂತರೆ ಮಂಕಿ ಟೋಪಿಗಳು ಕಂಡಾವು, ಚಿಟ್ಟೆ ಕಾಣದು. ತಿಂಡಿ ಮುಗಿಸಿಕೊಂಡು ಒಂಬತ್ತಕ್ಕೆ ಹೊರಡಿ. ಬಿಸಿಲು ಮೊದಲು ಬೀಳುವ ಪೂರ್ವದ ಬದಿಯ ಪೊದೆ, ಕಲ್ಲು, ಮೋಟು ಗೋಡೆ ನೋಡಿ. ಅಲ್ಲಿ ರೆಕ್ಕೆ ಅಗಲಿಸಿ ಮೈ ಕಾಯಿಸಿಕೊಳ್ಳುತ್ತಾ ಕುಳಿತಿರುತ್ತವೆ. ಹನ್ನೊಂದರ ಮೇಲೆ ಮೈ ಕಾದಿರುತ್ತದೆ, ಹತ್ತಿರ ಬಿಟ್ಟುಕೊಳ್ಳುವುದು ಕಷ್ಟ.

ಎಲ್ಲಿಗೆ ಹೋಗುವುದು?

ಕುಕ್ಕರಹಳ್ಳಿ ಕೆರೆ, ಲಿಂಗಾಂಬುಧಿ ಕೆರೆ, ಚಾಮುಂಡಿ ಬೆಟ್ಟದ ಮೆಟ್ಟಿಲ ಬುಡ, ಮೂರೂ ಒಳ್ಳೆಯವೇ. ಕಾರಂಜಿ ಕೆರೆಯಲ್ಲಿ ಚಿಟ್ಟೆ ಪಾರ್ಕೇ ಇದೆ, ಮಂಗಳವಾರ ರಜೆ. ನನ್ನನ್ನು ಕೇಳಿದರೆ ಪಾರ್ಕಿಗಿಂತ ಪಾಳು ಸೈಟೇ ಮೇಲು. ಯಾರೂ ಕಳೆ ಕಿತ್ತಿರುವುದಿಲ್ಲ. ಎಕ್ಕದ ಗಿಡವಿದ್ದರೆ ಪ್ಲೇನ್ ಟೈಗರ್, ಕರಿಬೇವು ಅಥವಾ ನಿಂಬೆ ಇದ್ದರೆ ಕಾಮನ್ ಮಾರ್ಮನ್, ತಗಚೆ ಇದ್ದರೆ ಪುಟ್ಟ ಹಳದಿ ಚಿಟ್ಟೆಗಳು ಸಿಕ್ಕೇ ಸಿಗುತ್ತವೆ. ಮರಿಹುಳುವಿನ ಊಟ ಎಲ್ಲಿದೆಯೋ ಮೊಟ್ಟೆಯಿಡುವ ತಾಯಿಯೂ ಅಲ್ಲೇ ಸುಳಿಯುತ್ತದೆ.

ಮಂಡ್ಯದ ನಾಲೆ ಬಯಲಿನವರು ಭತ್ತದ ಗದ್ದೆಯ ಬದು ಹಿಡಿದು ನಡೆದರೆ ಸಾಕು. ಈವ್ನಿಂಗ್ ಬ್ರೌನ್‌ನ ಹುಳು ಭತ್ತದ ಗರಿಯನ್ನೂ ತಿನ್ನುತ್ತದೆ. ಹಸಿರು ಮೈ, ತಲೆ ಮೇಲೆ ಎರಡು ಕೊಂಬು.

ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಅನ್ನುವ ಕಾಡು ಸೆಣಬು ಕಂಡರಂತೂ ಅಲ್ಲೇ ಬೀಡುಬಿಡಿ. ಮುಂಗಾರಿಗೆ ಮುಂಚೆ ಪಶ್ಚಿಮಘಟ್ಟದಿಂದ ಪೂರ್ವದ ಬಯಲಿಗೆ ಬಂದ ಬ್ಲೂ ಟೈಗರ್, ಕಾಮನ್ ಕ್ರೋ ಚಿಟ್ಟೆಗಳು ಅಕ್ಟೋಬರ್-ನವೆಂಬರ್‌ನಲ್ಲಿ ಘಟ್ಟದ ಕಡೆಗೆ ವಾಪಸ್ ಹೊರಡುತ್ತವೆ. ನಮ್ಮ ಸೀಮೆ ನಡುದಾರಿಯಲ್ಲಿದೆ. ಆ ಗಿಡದ ಒಣಗಿದ, ಗಾಯವಾದ ಭಾಗಕ್ಕೆ ಗಂಡುಗಳು ಮುತ್ತಿಕೊಂಡು ರಸ ಹೀರುತ್ತವೆ. ಮಕರಂದಕ್ಕಲ್ಲ, ಹೆಣ್ಣನ್ನು ಒಲಿಸುವ ಗಂಧ ತಯಾರಿಸಲು ಬೇಕಾದ ಆಲ್ಕಲಾಯ್ಡ್ ಎಂಬ ಗಿಡದ ರಾಸಾಯನಿಕಕ್ಕಾಗಿ. ಆ ಅಮಲಿನಲ್ಲಿರುವಾಗ ಮೂಗು ತಾಗುವಷ್ಟು ಹತ್ತಿರ ಹೋದರೂ ಎದ್ದು ಹಾರುವುದಿಲ್ಲ.

ನೆರಳು ಹಿಂದಿರಲಿ

ಬೈನಾಕ್ಯುಲರ್ ಬೇಕಿಲ್ಲ, ಫೋನ್ ಸಾಕು. ಚಿಟ್ಟೆ ಕುಳಿತ ಮೇಲೆ ಹತ್ತು ಎಣಿಸಿ, ಆಮೇಲೆ ಕುಕ್ಕರುಗಾಲಲ್ಲಿ ಸರಿಯಿರಿ. ನಿಮ್ಮ ನೆರಳು ಅದರ ಮೇಲೆ ಬಿತ್ತೋ, ಮುಗಿಯಿತು. ಎದ್ದು ಹೋದರೆ ಬೆನ್ನಟ್ಟಬೇಡಿ. ಪ್ಯಾನ್ಸಿ ಜಾತಿಯವು ಒಂದು ಸುತ್ತು ಹೊಡೆದು ಬಹುತೇಕ ಅದೇ ಜಾಗಕ್ಕೆ ಬಂದು ಕೂರುತ್ತವೆ. ಬೆನ್ನಟ್ಟಿ ನಾನೊಮ್ಮೆ ಮೊಣಕಾಲವರೆಗೆ ಕೆಸರಿಗೆ ಇಳಿದಿದ್ದೆ. ಚಪ್ಪಲಿಯ ಒಂದು ಜೊತೆ ಈಗಲೂ ಅಲ್ಲೇ ಇದೆ.

ನೋಡಬೇಕಾದ್ದು ಕೆಳಮೈ

ಎಲ್ಲರೂ ರೆಕ್ಕೆ ಬಿಚ್ಚಲಿ ಎಂದು ಕಾಯುತ್ತಾರೆ. ಈ ಕಾಲದಲ್ಲಿ ನೀವು ಮಡಿಸಲಿ ಎಂದು ಕಾಯಿರಿ. ಕಿತ್ತಳೆ ಬಣ್ಣದ ಪೀಕಾಕ್ ಪ್ಯಾನ್ಸಿಯ ಮೇಲ್ಮೈಯಲ್ಲಿ ನವಿಲುಗಣ್ಣು ವರ್ಷವಿಡೀ ಇರುತ್ತದೆ. ಮಳೆಗಾಲದ ಪೀಳಿಗೆಯಾದರೆ ಕೆಳಮೈಯಲ್ಲೂ ಕಣ್ಣು, ಅಂಚು ದುಂಡಗೆ. ಒಣಗಾಲದ್ದಾದರೆ ಕಣ್ಣು ಅಳಿಸಿಹೋಗಿ, ಎಲೆಯ ನಡುನರದಂತೆ ಒಂದು ಗೆರೆ ಅಡ್ಡಹಾಯ್ದು, ರೆಕ್ಕೆಯ ತುದಿ ಎಲೆ ತೊಟ್ಟಿನ ಹಾಗೆ ಚೂಪಾಗಿರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ಜಾತಿ ಎಂದು ಆಣೆ ಮಾಡಿದರೂ ನಂಬಲಾರಿರಿ.

ಕಾರಣ ಸರಳ. ಸುತ್ತ ಹಸಿರಿದ್ದಾಗ ಬಚ್ಚಿಟ್ಟುಕೊಳ್ಳುವುದು ಕಷ್ಟ. ಆಗ ಕಣ್ಣುಚುಕ್ಕಿ ತೋರಿಸಿ ಶತ್ರುವಿನ ಏಟನ್ನು ರೆಕ್ಕೆಯ ಅಂಚಿಗೆ ತಿರುಗಿಸಿದರೆ ತಲೆ ಉಳಿಯುತ್ತದೆ. ನೆಲವೆಲ್ಲ ತರಗೆಲೆಯಾದಾಗ ಸುಮ್ಮನೆ ತರಗೆಲೆಯಾಗುವುದೇ ಜಾಣತನ. ಆದರೆ ಹಾರುವ ಚಿಟ್ಟೆ ಬಣ್ಣ ಬದಲಿಸುವುದಿಲ್ಲ. ಹುಳುವಾಗಿದ್ದಾಗ ತಟ್ಟಿದ ತಂಪು ಮುಂದಿನ ವೇಷವನ್ನು ನಿರ್ಧರಿಸಿಬಿಟ್ಟಿರುತ್ತದೆ. ನವೆಂಬರಿನಲ್ಲಿ ಎರಡು ವೇಷದವೂ ಒಟ್ಟಿಗೆ ಹಾರಾಡುತ್ತವೆ, ಅರ್ಧ ಅಳಿಸಿದ ಕಣ್ಣಿನವೂ ಸಿಗುತ್ತವೆ. ಅವೇ ಈ ನೋಟದ ಬೆಣ್ಣೆ.

ಮನೆಯಲ್ಲೇ ಕರೆಸಿಕೊಳ್ಳಲು

ಈವ್ನಿಂಗ್ ಬ್ರೌನ್ ಹೂವಿಗಿಂತ ಕೊಳೆತ ಹಣ್ಣಿಗೆ ಸೋಲುತ್ತದೆ. ಸಿಪ್ಪೆ ಕಪ್ಪಾದ ಬಾಳೆಹಣ್ಣನ್ನು ಒಂದು ಉಂಡೆ ಬೆಲ್ಲದೊಂದಿಗೆ ಕಿವುಚಿ, ಎರಡು ದಿನ ಮುಚ್ಚಿಟ್ಟು ಹುಳಿ ಬರಿಸಿ. ನಂಜನಗೂಡು ರಸಬಾಳೆ ಬೇಡ, ಪಚ್ಚಬಾಳೆಯೇ ಧಾರಾಳ. ಸಂಜೆ ಹಿತ್ತಲ ಮರದ ಬುಡದಲ್ಲಿ ತಟ್ಟೆಯಲ್ಲಿಡಿ. ತಟ್ಟೆಯನ್ನು ನೀರಿನ ಬೋಗುಣಿಯೊಳಗೆ ಇಡದಿದ್ದರೆ ಊಟ ಇರುವೆಗಳ ಪಾಲು. ಮನೆಯವರಿಗೆ ಮೊದಲೇ ಹೇಳಿಡಿ. ವಾಸನೆ ಸೇಂದಿ ಅಂಗಡಿಯದೇ.

ಕೊನೆಯದಾಗಿ ಒಂದು ನೋಟ್‌ಬುಕ್. ಜಾತಿಯ ಹೆಸರು ಗೊತ್ತಾಗದಿದ್ದರೆ ಚಿಂತೆಯಿಲ್ಲ, ಐನ್ಯಾಚುರಲಿಸ್ಟ್ ಆ್ಯಪ್‌ಗೆ ಫೋಟೊ ಹಾಕಿದರೆ ಬಲ್ಲವರು ಹೇಳುತ್ತಾರೆ. ತಾರೀಖು, ಜಾಗ, ಕಣ್ಣಿತ್ತೋ ಇಲ್ಲವೋ, ಇಷ್ಟು ಬರೆದರೆ ಸಾಕು. ನನ್ನ ಪುಸ್ತಕದಲ್ಲಿ ಹೋದ ವರ್ಷದ ಪುಟ ಹೀಗಿದೆ: 'ನ. 9, ಹಿತ್ತಲು, ಕಣ್ಣು ಢಾಳಾಗಿದೆ. ನ. 24, ಹಿತ್ತಲು, ಚುಕ್ಕಿ ಮಾತ್ರ. ಡಿ. 11, ಅಡುಗೆಮನೆ ಗೋಡೆ, ಏನೂ ಇಲ್ಲ. ಅಮ್ಮ ದೀಪ ಆರಿಸಿದರು.'